ಪಾತರಗಿತ್ತಿ ಪಾಠಕ್ಕೆ ಹಸನು ಮಾಡಿದ ದಿಬ್ಬ

ಕಲಬುರಗಿಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಹೂವಿನ ಪಾಠವನ್ನು ನಾನು ಗೋಡೆಗೆ ತೂಗುಹಾಕಿದ ಪಟ ತೋರಿಸಿ ಮಾಡುತ್ತಿದ್ದೆ. ಪಟದಲ್ಲಿದ್ದ ಹೂವನ್ನು ಹುಡುಗಿಯರು ನೋಡಿರಲಿಲ್ಲ, ನಾನೂ ನೋಡಿರಲಿಲ್ಲ, ಪಟ ಬರೆದವನು ನೋಡಿದ್ದನೋ ಇಲ್ಲವೋ ಆ ದೇವರಿಗೇ ಗೊತ್ತು. ಹೂವಿನ ಮೇಲೊಂದು ಚಿಟ್ಟೆ ಕೂತಿತ್ತು. ನಮ್ಮ ಕಡೆ ಅದಕ್ಕೆ ಪಾತರಗಿತ್ತಿ ಅನ್ನುತ್ತೇವೆ. ಅದಕ್ಕೆ ಕಾಲೆಷ್ಟು, ರೆಕ್ಕೆಯೆಷ್ಟು ಎಂದು ಹುಡುಗಿಯರು ಬಾಯಿಪಾಠ ಒಪ್ಪಿಸುತ್ತಿದ್ದರು. ಒಂದು ದಿನ ಜೀವಂತ ಪಾತರಗಿತ್ತಿಯೇ ಕಿಟಕಿಯಿಂದ ಒಳಗೆ ಬಂತು. ಇಡೀ ವರ್ಗ ಕಿರುಚಿಕೊಂಡು ಬೆಂಚಿನ ಮೇಲೆ ಹತ್ತಿ ನಿಂತಿತು. ಅವತ್ತೇ ನಾನು ಬಡೀ ಉಸ್ತಾನಿಯವರ ಕೋಣೆಗೆ ಹೋಗಿ, ಈ ಪಾಠ ನಾಲ್ಕು ಗೋಡೆಯೊಳಗೆ ಆಗುವಂಥದ್ದಲ್ಲ ಎಂದೆ.

ಬಡೀ ಉಸ್ತಾನಿ ಎಂದರೆ ನಮ್ಮ ಮುಖ್ಯ ಶಿಕ್ಷಕಿ. ಕೋಟೆಯ ಹತ್ತಿರದ ಹಳೆಯ ಮನೆತನದವರು, ಮಿತಭಾಷಿ. ನಿಜಾಮರ ಸರ್ಕಾರದ ಶಾಲೆಯಾದ್ದರಿಂದ ಪಾಠವೆಲ್ಲ ಉರ್ದುವಿನಲ್ಲಿ. ಗೇಟಿಗೆ ದಪ್ಪ ಪರದೆ. ಹುಡುಗಿಯರು ಮುಚ್ಚಿದ ಟಾಂಗಾದಲ್ಲಿ ಬಂದು ಮುಚ್ಚಿದ ಟಾಂಗಾದಲ್ಲೇ ಹೋಗುವವರು. ಅಂಥ ಮಕ್ಕಳನ್ನು ಬಯಲಿಗೆ ಕರೆದೊಯ್ಯೋಣ ಎಂದಾಗ ಅವರು ಬಯ್ಯುತ್ತಾರೆಂದುಕೊಂಡಿದ್ದೆ. ಬಯ್ಯಲಿಲ್ಲ. ಬುರ್ಖಾ ಹಾಕಿಕೊಂಡು ಮನೆಮನೆಗೆ ಹೊರಟರು. ಪ್ರತಿ ಮನೆಯ ಹಿರಿಯ ಹೆಂಗಸಿನ ಮುಂದೆ ಕೂತು, ಚಹಾ ಕುಡಿದು, ಮಾತು ಕೊಟ್ಟು ಬಂದರು. ಒಂದೇ ಒಂದು ದಿನ. ಗಂಡಸಿನ ಮುಖ ಕಣ್ಣಿಗೆ ಬೀಳುವುದಿಲ್ಲ. ಶಾಲೆಯ ತಪಾಸಣೆಗೆ ಹೈದರಾಬಾದಿನಿಂದ ಬರುವ ಬೇಗಂ ಸಾಹೇಬಾ ಅವರೂ ಜೊತೆಗಿರುತ್ತಾರೆ. ಅವರು ಒಪ್ಪಿದರೆ ಪ್ರತಿ ಮಳೆಗಾಲ ಹೀಗೊಂದು ಪಾಠ; ಒಪ್ಪದಿದ್ದರೆ ಮತ್ತೆಂದೂ ಕೇಳುವುದಿಲ್ಲ.

"ನನ್ನ ಹೆಸರು ಅಡ ಇಟ್ಟೀನಿ ನೋಡು," ಎಂದರು ನನಗೆ. ಅವರು ಕನ್ನಡ ಆಡುತ್ತಿದ್ದುದೇ ಅಪರೂಪ. ಆಡಿದರೆ ಅದು ಗಂಭೀರವಾದ ಮಾತೆಂದು ತಿಳಿಯಬೇಕಿತ್ತು.

ಜಾಗ ಯಾವುದೆಂಬುದು ನನ್ನ ತಲೆಯಲ್ಲಿ ಮೊದಲೇ ಇತ್ತು. ನನ್ನ ತವರು ಕಮಲಾಪುರ. ಊರಾಚೆ ಒಂದು ಸುಣ್ಣಗಲ್ಲಿನ ದಿಬ್ಬವಿದೆ. ಸುತ್ತಲಿನ ಎರೆಹೊಲದಲ್ಲಿ ಮಳೆ ಬಿದ್ದ ಮೇಲೆ ಕಾಲಿಟ್ಟರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ದಿಬ್ಬದ ಮೇಲೆ ಮಾತ್ರ ನೀರು ನಿಲ್ಲದೆ ಬಸಿದುಹೋಗುತ್ತದೆ. ಮಣ್ಣು ತೆಳು, ಅದಕ್ಕೇ ಹುಲ್ಲು ಪಾದ ಮುಚ್ಚುವಷ್ಟೇ ಬೆಳೆಯುತ್ತದೆ, ಹುಲ್ಲಿನ ನಡುವಿನ ಸಣ್ಣ ಹೂವೂ ಕಣ್ಣಿಗೆ ಕಾಣುತ್ತದೆ. ಪಂಚಮಿಗೆ ತವರಿಗೆ ಹೋದಾಗ ಹಬ್ಬ, ಜೋಕಾಲಿ ಎಲ್ಲ ಬಿಟ್ಟು ದಿಬ್ಬದ ಮೇಲೇ ಓಡಾಡಿದೆ. ತುಂಬೆ ಬಿಳಿ ಚೆಲ್ಲಿತ್ತು. ವಿಷ್ಣುಕಾಂತಿಯ ನೀಲಿ ಹೂ ಅಂಗಿಯ ಗುಂಡಿಯಷ್ಟೇ, ಆದರೆ ಆ ನೀಲಿ ಬೇರೆಲ್ಲೂ ಇಲ್ಲ. ನೆಗ್ಗಿಲು, ಆವರಿಕೆ ಎರಡೂ ಹಳದಿ ಬಿಟ್ಟಿದ್ದವು. ಒಂದು ಅಂಚಿನಲ್ಲಿ ಎಕ್ಕೆಗಿಡಗಳ ಸಾಲು.

ನನ್ನ ಪಾಠ ಇದ್ದದ್ದು ಆ ಎಕ್ಕೆಯಲ್ಲಿ. ಎಲೆ ತಿರುವಿದರೆ ಗಸಗಸೆ ಕಾಳಿನಂಥ ತತ್ತಿ. ಪಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ, ಎಲೆ ಮೇಯುತ್ತಿತ್ತು. ಇನ್ನೊಂದರಲ್ಲಿ ಹಸಿರು ಕೋಶ, ಕಿವಿಯ ಜುಮಕಿಯಂತೆ ತೂಗಿಕೊಂಡು. ಮೇಲೆ ಕೇಸರಿ ರೆಕ್ಕೆಯ ಪಾತರಗಿತ್ತಿ ಸುತ್ತುತ್ತಿತ್ತು. ಒಂದು ಜೀವದ ನಾಲ್ಕು ಅವಸ್ಥೆ ಒಂದೇ ಸಾಲಿನಲ್ಲಿ! ನಮ್ಮ ಪಟ ಬರೆದವನು ಬಂದು ನೋಡಬೇಕಿತ್ತು. ಹುಡುಗಿಯರು ಬರುವ ಹೊತ್ತಿಗೆ ಹುಡುಕಾಟ ಬೇಡವೆಂದು ತತ್ತಿ, ಹುಳ ಇದ್ದ ಗಿಡಗಳಿಗೆಲ್ಲ ಬಿಳಿ ದಾರ ಕಟ್ಟಿದೆ. ಯಾವ ಗಿಡದ ಮುಂದೆ ಯಾವ ಮಾತು, ಯಾವ ಹುಡುಗಿ ಎಲ್ಲಿ ಕೂರಬೇಕು, ಎಲ್ಲ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಲಬುರಗಿಗೆ ಮರಳಿ ಗಡಿಯಾರ ರಿಪೇರಿಯವರ ಮನೆಯಿಂದ ಒಂದು ಭೂತಗನ್ನಡಿಯನ್ನೂ ಕಡ ತಂದೆ.

ತವರಿನಿಂದ ಹೊರಡುವ ಮುಂಚೆಯೇ ಕಾಕಾಗೆ ವಿಷಯ ಹೇಳಿದ್ದೆ. ನಮ್ಮ ಕಾಕಾ, ಅಪ್ಪನ ತಮ್ಮ, ಕಮಲಾಪುರದ ಪೊಲೀಸ್ ಪಾಟೀಲರು, ಊರಿನಲ್ಲಿ ಸರ್ಕಾರದ ಹುಕುಂ ನಡೆಸುವವರು. ಹೈದರಾಬಾದಿನ ಬೇಗಂ ಸಾಹೇಬಾ ದಿಬ್ಬ ನೋಡಲು ಬರುತ್ತಾರೆ, ಶಾಲೆಯ ಮಕ್ಕಳೂ ಬರುತ್ತಾರೆ, ಅವತ್ತು ಅಲ್ಲಿ ಗಂಡಸರು ಯಾರೂ ಇರಬಾರದು. ಇಷ್ಟೇ ಹೇಳಿದ್ದು. ಇನ್ನೊಂದು ಮಾತು ಹೇಳಬೇಕಿತ್ತೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು. ಜಿಲ್ಲೆಯ ದೊಡ್ಡ ಅಧಿಕಾರಿ ತಾಲೂಕದಾರ ಸಾಹೇಬರು ತಪಾಸಣೆಯ ದೌರೆಗೆ ಬರುತ್ತಾರೆಂದರೆ ಊರಲ್ಲಿ ಏನೇನು ಆಗುತ್ತದೆಂದು ಚಿಕ್ಕಂದಿನಿಂದ ಪಾಟೀಲರ ಕಟ್ಟೆಯ ಮೇಲೆ ಕೂತು ನೋಡಿದವಳು ನಾನು.

ಶ್ರಾವಣದ ಕೊನೆಗೆ ಹೊರಟೆವು. ಮೋಟಾರಿಗೆ ಎರಡೂ ಬದಿ ಪರದೆ ಬಿಗಿದಿತ್ತು. ಡ್ರೈವರ್ ಬಡೀ ಉಸ್ತಾನಿಯವರ ದೂರದ ಸಂಬಂಧಿ, ಮುದುಕ. ಅವನ ಬೆನ್ನ ಹಿಂದೆಯೂ ಒಂದು ಪರದೆ. ಮಹಾಗಾಂವ್ ದಾಟುವಷ್ಟರಲ್ಲಿ ಒಳಗಿನ ಸೆಕೆಗೆ ಅರ್ಧ ಹುಡುಗಿಯರು ವಾಂತಿ ಮಾಡಿಕೊಂಡಿದ್ದರು. ಬೇಗಂ ಸಾಹೇಬಾ ಮೂಗಿಗೆ ಅತ್ತರಿನ ಕರವಸ್ತ್ರ ಹಿಡಿದು ಕೂತಿದ್ದರು. "ಪಾತರಗಿತ್ತಿ ಕಂಡ ಮೇಲೆ ಎಲ್ಲ ಮರೆತು ಹೋಗುತ್ತದೆ" ಎಂದು ನಾನು ಅವರಿಗೆ ಎರಡು ಸಲ ಹೇಳಿದೆ. ಎರಡನೆಯ ಸಲ ಅವರು ಕರವಸ್ತ್ರವನ್ನು ಇನ್ನಷ್ಟು ಒತ್ತಿ ಹಿಡಿದರು.

ಮೋಟಾರು ನಿಂತಿತು. ಮೊದಲು ನಾನಿಳಿದೆ. ದಿಬ್ಬ ನೋಡಿದೆ. ದಾರಿ ತಪ್ಪಿ ಬೇರೆ ಊರಿಗೆ ಬಂದೆವೇನೋ ಅನ್ನಿಸಿತು.

ಹುಲ್ಲು ಇರಲಿಲ್ಲ. ಇಡೀ ದಿಬ್ಬವನ್ನು ಕುಡುಗೋಲಿನಿಂದ ನುಣ್ಣಗೆ ಬೋಳಿಸಿದ್ದರು. ಕೆಳಗಿನಿಂದ ನೆತ್ತಿಯವರೆಗೆ ಕೆಂಪು ಮೊರಂ ಗರಸು ಹಾಸಿದ ದಾರಿ. ಎರಡೂ ಬದಿ ಸುಣ್ಣ ಬಳಿದ ಕಲ್ಲುಗಳ ಸಾಲು. ನೆತ್ತಿಯ ಮೇಲೆ ಶಾಮಿಯಾನ, ಅದಕ್ಕೆ ಮಾವಿನೆಲೆಯ ತೋರಣ, ಚಂಡು ಹೂವಿನ ಮಾಲೆ. ಎಕ್ಕೆಯ ಸಾಲಿದ್ದ ಕಡೆ ಹೊಸ ಮಣ್ಣಿನ ಕುಳಿಗಳು.

ಕಾಕಾ ರಸ್ತೆಯ ಪಕ್ಕದ ಆಲದ ಮರದ ಮರೆಯಲ್ಲಿ, ಮೋಟಾರಿಗೆ ಬೆನ್ನು ಮಾಡಿ ನಿಂತಿದ್ದರು. ಪರದೆಯ ಮರ್ಯಾದೆ ಅವರು ಬಲ್ಲವರು. ಹೊಸ ರುಮಾಲು ಸುತ್ತಿದ್ದರು.

"ನೋಡಿದೇನವಾ ತಂಗೀ?" ಎಂದರು, ದನಿಯಲ್ಲೇ ನಗು. "ಒಂದು ಹುಳಾ ಇಲ್ಲ, ಹಾವಿಲ್ಲ, ಮುಳ್ಳಿಲ್ಲ. ಮಕ್ಕಳು ಬರಿಗಾಲಿಲೆ ಓಡ್ಯಾಡ್ಲಿ. ನಾನೂ ಗಂಡಸರನ್ನ ಒಬ್ಬರನ್ನೂ ಹಚ್ಚಿಲ್ಲ, ಬರೇ ಹೆಣ್ಣಾಳಿಂದ ಮಾಡ್ಸೀನಿ."

"ಎಕ್ಕಿ ಗಿಡ ಎಲ್ಲಿ ಹೋದವು ಕಾಕಾ?"

"ಅವನ್ನ ಮೊದ್ಲ ಕೀಳ್ಸೀನಿ. ನೀ ದಾರ ಕಟ್ಟಿದ್ದೆಲ್ಲ? ಸಡಕಿನ ಮಂದಿ ಕಡಿಯೋ ಗಿಡಕ್ಕ ಗುರ್ತು ಹಾಕ್ತಾರಲ್ಲ, ಹಂಗ ನೀನೂ ಹಾಕಿ ಅಂತ ತಿಳೀತು. ಖರೇನ ಅದು, ಎಕ್ಕಿ ಹಾಲು ಕೂಸುಗಳ ಕಣ್ಣಾಗ ಬಿದ್ರ ಏನ್ ಮಾಡೋದು? ಶಾಣ್ಯಾಕಿ ನೀನು."

ಅವರಿಗೆ ಏನೆನ್ನಲಿ? ಪ್ರೀತಿಯಿಂದ ಮಾಡಿಸಿದವರು. ಹಿಂದೆ ಬೇಗಂ ಸಾಹೇಬಾ ಇಳಿದು ಬುರ್ಖಾದ ಮುಖಪರದೆ ಸರಿಸಿ ದಿಬ್ಬವನ್ನು ನೋಡುತ್ತಿದ್ದರು. ಬಡೀ ಉಸ್ತಾನಿಯವರು ನನ್ನನ್ನು ನೋಡುತ್ತಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿಯ ಮೇಲಾದರೋ ಮೊರಂ ಹಾಸಿಬಿಟ್ಟಿದ್ದರು.

ಮೇಲೆ ಕಾಕಾನ ಹೆಂಡತಿ, ನಮ್ಮ ಕಾಕಿ, ಆರತಿ ಹಿಡಿದು ಸ್ವಾಗತ ಮಾಡಿದರು. ಶಾಮಿಯಾನದ ಹಿಂದೆ ಒಂದಷ್ಟು ಕೂಲಿ ಹೆಂಗಸರು ಸೆರಗು ಹೊದ್ದು ಸಾಲಾಗಿ ಕೂತಿದ್ದರು, ಏನಾದರೂ ಕೆಲಸ ಹೇಳಿದರೆ ಏಳಲು. ಬೇಗಂ ಸಾಹೇಬಾ ಕುರ್ಚಿಯಲ್ಲಿ ಕೂತು, "ಪಾಠ ಶುರು ಮಾಡಿ" ಎಂದರು ಉರ್ದುವಿನಲ್ಲಿ. ನಾನು ಮಾಡಿದ್ದೇನು ಗೊತ್ತೇ? ಮಾಲೆಯಿಂದ ಒಂದು ಚಂಡು ಹೂ ಕಿತ್ತು ಅದರ ಎಸಳು ಎಣಿಸತೊಡಗಿದೆ. ಭೂತಗನ್ನಡಿಯನ್ನೂ ಹಿಡಿದೆ. ಕಣ್ಣಿಗೆ ಎದ್ದು ಕಾಣುವ ಚಂಡು ಹೂವಿಗೆ ಭೂತಗನ್ನಡಿ!

"ಈ ಹೂವನ್ನು ನಾನು ಹೈದರಾಬಾದಿನ ಬಜಾರಿನಲ್ಲೂ ನೋಡುತ್ತೇನೆ," ಎಂದರು ಬೇಗಂ ಸಾಹೇಬಾ. "ಇದಕ್ಕಾಗಿ ಈ ಮಕ್ಕಳು ಇಷ್ಟು ದೂರ ಬಂದರೇ?"

ಬಡೀ ಉಸ್ತಾನಿಯವರು ನೆಲ ನೋಡುತ್ತ ನಿಂತರು. ಮನೆಮನೆಗೆ ಹೋಗಿ ಮಾತು ಕೊಟ್ಟು ಬಂದವರ ತಲೆ ನನ್ನಿಂದಾಗಿ ಬಾಗಿತ್ತು. ಆಗ ನೆತ್ತಿಯ ಆಚೆ ಹೋಗಿ ನಿಂತಿದ್ದ ಹುಡುಗಿಯೊಬ್ಬಳು, ವರ್ಗದಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವಳು, ಕೂಗಿದಳು: "ಅಕ್ಕೋರ, ಇಲ್ಲಿ ಬರ್ರೀ! ಕೆಳಗ ನೋಡ್ರಿ!"

ದಿಬ್ಬದ ಹಿಂಬದಿಯ ಬುಡದಲ್ಲಿ ಒಂದು ತುಂಡು ಭೂಮಿ ಬಿಳಿ, ನೀಲಿ, ಹಳದಿ ಹೂವಿನಿಂದ ತುಂಬಿಹೋಗಿತ್ತು. ಅದರ ಮೇಲೆ ಪಾತರಗಿತ್ತಿಗಳು ಎದ್ದು ಕೂತು ಮಾಡುತ್ತಿದ್ದವು. ನನಗೆ ಹೋದ ಜೀವ ಬಂತು. ಹುಡುಗಿಯರನ್ನು ಸಾಲು ಮಾಡಿ ಇಳಿಸಿದೆ. ಆಮೇಲಿನ ಪಾಠವಿದೆಯಲ್ಲ, ಅಂಥದನ್ನು ನಾನು ಮತ್ತೆ ಮಾಡಿದ್ದಿಲ್ಲ. ಬೆಂಚಿನ ಮೇಲೆ ಹತ್ತಿ ಕಿರುಚಿದ್ದ ಹುಡುಗಿಯರು ತುಂಬೆಯ ಮುಂದೆ ಉಸಿರು ಬಿಗಿಹಿಡಿದು ಕೂತರು. ಪಾತರಗಿತ್ತಿ ಸುರುಳಿ ನಾಲಿಗೆ ಬಿಚ್ಚಿ ಹೂವಿನೊಳಗೆ ಇಳಿಸುವುದನ್ನು ಕಂಡರು. ಬದುವಿನ ಮೇಲೆ ಒಂದೇ ಒಂದು ಎಕ್ಕೆಯ ಗಿಡ ಉಳಿದಿತ್ತು. ಅದರಲ್ಲಿ ಪಟ್ಟೆಹುಳವೂ ಸಿಕ್ಕಿತು, ಜುಮಕಿಯಂಥ ಕೋಶವೂ ಸಿಕ್ಕಿತು. ಬೇಗಂ ಸಾಹೇಬಾ ಕುರ್ಚಿ ಮರೆತು ನೆಲದ ಮೇಲೆ ಮೊಣಕಾಲೂರಿ, ನನ್ನ ಕೈಯಿಂದ ಭೂತಗನ್ನಡಿ ಇಸಿದುಕೊಂಡರು. "ಸುಭಾನಲ್ಲಾ" ಎಂದರು. ಬಡೀ ಉಸ್ತಾನಿಯವರ ಮುಖ ಅರಳಿತು.

ವಿಷ್ಣುಕಾಂತಿಯ ಬಳ್ಳಿ ತೋರಿಸಲೆಂದು ನಾನೊಂದು ಎಳೆ ಎತ್ತಿದೆ. ಅದು ಹೆಸರುಕಾಳಿನ ಗಿಡಕ್ಕೆ ಸುತ್ತಿಕೊಂಡಿತ್ತು. ಹೂವಿನ ಕೆಳಗೆ ಸಾಲುಸಾಲಾಗಿ ಹೆಸರಿನ ಗಿಡಗಳು, ಕಸದ ನಡುವೆ ಬಿಳಿಚಿ, ಕಾಯಿ ಕಟ್ಟಿಯೂ ಕಟ್ಟದಂತೆ. ನಾವು ಕೂತದ್ದು ಬಯಲಿನಲ್ಲಲ್ಲ, ಬಿತ್ತಿದ ಹೊಲದಲ್ಲಿ.

ಬದುವಿನ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಶಾಮಿಯಾನದ ಹಿಂದೆ ಕೂತವರಲ್ಲಿ ಒಬ್ಬಳು. ನಮ್ಮ ಹಿಂದೆಯೇ ಇಳಿದು ಬಂದಿದ್ದಳು. ಹುಡುಗಿಯರು ಕಾಲಿಟ್ಟ ಕಡೆಯೆಲ್ಲ ಅವಳ ಕಣ್ಣು ಹೋಗುತ್ತಿತ್ತು.

"ಹೊಲ ಯಾರದ್ದವಾ?" ಎಂದು ಹತ್ತಿರ ಹೋಗಿ ಕೇಳಿದೆ.

"ನಂದೇ ರೀ."

"ಕಸ ತಗದಿಲ್ಲಲ್ಲ?"

"ಎಲ್ಲಿ ತಗೀಲಿ ರೀ ಅವ್ವಾ? ಪಂಚಮಿ ಮರುದಿನದಿಂದ ಬಿಟ್ಟಿ ಹಿಡದಾರ, ಕೂಲಿ ಇಲ್ಲ ಏನಿಲ್ಲ. ಹುಲ್ಲು ಕೊಯ್ಯೋದು, ಮೊರಂ ಹೊರೋದು, ಸುಣ್ಣ ಬಳಿಯೋದು. ಮುಂಜಾನಿ ಬಂದ್ರ ಹೊತ್ತು ಮುಳುಗಿದಿಂದ ಬಿಡ್ತಾರ." ಯಾರ ಮೇಲೂ ಸಿಟ್ಟಿಲ್ಲದೆ ಹೇಳಿದಳು, ಮಳೆಯ ಮಾತು ಹೇಳಿದಂತೆ. "ಮ್ಯಾಲಿಂದ ದೊಡ್ಡೋರು ಬರ್ತಾರ ಅಂದ್ರ ಮಾಡಬೇಕಲ್ರೀ."

ಅಷ್ಟರಲ್ಲಿ ಬೇಗಂ ಸಾಹೇಬಾ ಎದ್ದು ಬುರ್ಖಾದ ಮಣ್ಣು ಕೊಡವಿಕೊಂಡು ಬಂದರು. ತುಂಬ ಖುಷಿಯಲ್ಲಿದ್ದರು. ಇಂಥ ಪಾಠ ಇಡೀ ರಿಯಾಸತ್ತಿನಲ್ಲಿ ಯಾವ ಹೆಣ್ಣುಮಕ್ಕಳ ಶಾಲೆಯಲ್ಲೂ ಕಂಡಿಲ್ಲ ಎಂದರು. ಪ್ರತಿ ಮಳೆಗಾಲ ಇದು ಆಗಲೇಬೇಕು, ತಾವೇ ಮಂಜೂರು ಮಾಡಿಸುತ್ತೇವೆ ಎಂದರು. "ನಿಮ್ಮ ಚಾಚಾಗೆ ಹೇಳಿ," ಎಂದು ನನ್ನ ಹೆಗಲು ತಟ್ಟಿದರು. "ಮುಂದಿನ ವರ್ಷ ಈ ದಾರಿ, ಸುಣ್ಣ ಏನೂ ಬೇಡ. ಈ ಹೂವಿನ ಜಾಗವನ್ನು ಮಾತ್ರ ಯಾರೂ ಮುಟ್ಟದಂತೆ ಹೀಗೇ ಕಾಯಿಸಲಿ. ನಮ್ಮ ಹುಕುಂ ಅಂತಲೇ ಹೇಳಿ."

ಬಡೀ ಉಸ್ತಾನಿಯವರು ಕಣ್ಣಲ್ಲೇ ನನಗೆ ಶಾಬಾಸ್ ಹೇಳಿದರು. ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದು ಕುಣಿದರು. ನಾನು ಬಯಸಿದ್ದೆಲ್ಲ ಕೈಗೆ ಬಂದಿತ್ತು. ಬಾಯಿ ಮುಚ್ಚಿಕೊಂಡು ಸಲಾಂ ಮಾಡಿದ್ದರೆ ಮುಗಿಯುತ್ತಿತ್ತು. ಒಂದು ಕ್ಷಣ ಕೈ ಹಣೆಯವರೆಗೆ ಹೋಗಿಯೂ ಇತ್ತು. ಬದುವಿನ ಮೇಲಿದ್ದವಳಿಗೆ ಉರ್ದು ಅಷ್ಟಾಗಿ ತಿಳಿಯುತ್ತಿರಲಿಲ್ಲ, ಆದರೆ ಹುಕುಂ ಎಂಬ ಮಾತು ಯಾರಿಗೆ ತಿಳಿಯುವುದಿಲ್ಲ? ಅವಳ ಮುಖ ನೋಡಿದೆ. ಸಲಾಂ ಮಾಡಲಾಗಲಿಲ್ಲ.

"ಹುಜೂರ್, ಇದು ಹೂವಿನ ಜಾಗವಲ್ಲ," ಎಂದೆ. "ಇದು ಈಕೆ ಹೆಸರುಕಾಳು ಬಿತ್ತಿದ ಹೊಲ. ಹೂವಿನ ಜಾಗ ಮೇಲಿತ್ತು, ಅದನ್ನು ನಮಗಾಗಿ ಬೋಳಿಸಿದರು. ಬೋಳಿಸಲು ಈಕೆಯನ್ನು ಬಿಟ್ಟಿ ಹಿಡಿದರು. ಅದಕ್ಕೇ ಇಲ್ಲಿ ಕಸ ಬೆಳೆದಿದೆ. ನಾವು ನೋಡಿದ್ದು ಆ ಕಸವನ್ನು."

ಬೇಗಂ ಸಾಹೇಬಾ ಅವರ ನಗು ಅರ್ಧಕ್ಕೆ ನಿಂತಿತು. ಹೆಂಗಸಿನ ಕಡೆ ತಿರುಗಿ, ನನ್ನ ಬಾಯಿಂದ ಕೇಳಿಸಿದರು: ಇದು ನಿಜವೇ? ನಿನ್ನನ್ನು ಜುಲುಮೆಯಿಂದ ಹಿಡಿದು ತಂದರೇ?

ನಾನು ಕನ್ನಡದಲ್ಲಿ ಕೇಳಿದೆ. ಕೇಳುತ್ತಿದ್ದಂತೆ ಕಾಕಿ ಕೆಳಗಿಳಿದು ಬಂದು ನಮ್ಮ ಪಕ್ಕ ನಿಂತರು, ಊಟಕ್ಕೆ ಕರೆಯಲು. ಹೆಂಗಸು ಕಾಕಿಯನ್ನು ನೋಡಿದಳು, ನನ್ನನ್ನು ನೋಡಿದಳು. ಈಗಷ್ಟೇ ನಂಬಿ ಆಡಿದ ಮಾತನ್ನು ಸರ್ಕಾರದ ಮುಂದೆ ಹರವಿದವಳನ್ನು ನೋಡುವ ಹಾಗೆ ನೋಡಿದಳು. "ಇಲ್ರೀ ಅಮ್ಮಾ," ಎಂದಳು ಕೈ ಮುಗಿದು, "ಯಾರೂ ಹಿಡದಿಲ್ರಿ. ನಮ್ಮ ಖುಷೀಲಿಂದ ಬಂದೀವಿ. ಪಾಟೀಲ್ರು ತಂದಿ ಸಮಾನ ರೀ. ಈ ಹೊಲಾ ನಾನೇ ಬೀಳು ಬಿಟ್ಟೀನ್ರಿ."

ನಾನು ಈ ಊರಲ್ಲಿ ಇರುವವಳಲ್ಲ, ಸಂಜೆಗೆ ಮೋಟಾರು ಹತ್ತಿ ಹೋಗುವವಳು. ಪಾಟೀಲರ ಕಣ್ಣ ಮುಂದೆ ನಾಳೆಯೂ ಇರಬೇಕಾದವಳು ಅವಳು. ನನ್ನ ಸತ್ಯಕ್ಕೆ ಅವಳನ್ನು ಸಾಕ್ಷಿ ಹಾಕುವ ಮುಂಚೆ ಅಷ್ಟು ಯೋಚಿಸುವ ಬುದ್ಧಿ ಇರಲಿಲ್ಲ ನನಗೆ. ಎಲ್ಲರೆದುರು ಸುಳ್ಳುಗಾತಿಯಾದದ್ದಕ್ಕೆ ನಾಚಿಕೆಯಾಗಲಿಲ್ಲ. ಅವಳಿಂದ ಸುಳ್ಳು ಹೇಳಿಸಿದೆನಲ್ಲ, ಅದಕ್ಕೆ ತಲೆ ಎತ್ತದಾದೆ.

ಬೇಗಂ ಸಾಹೇಬಾ ಅವಳ ಮುಗಿದ ಕೈಗಳನ್ನೇ ನೋಡುತ್ತಿದ್ದರು. ಸುಣ್ಣ ತಿಂದು ಬೆರಳ ತುದಿಗಳೆಲ್ಲ ಬಿರಿದು ಕೆಂಪಾಗಿದ್ದವು. ಅವರು ಮತ್ತೆ ಆ ಪ್ರಶ್ನೆ ಎತ್ತಲಿಲ್ಲ. ಮೆತ್ತಗೆ, "ಈಕೆಗೆ ಏನು ಬೇಕು, ಕೇಳಿ," ಎಂದರು.

ಕೇಳಿದೆ. ಬಹುಮಾನ ಕೇಳಬಹುದಿತ್ತು, ಸೀರೆ ಕೇಳಬಹುದಿತ್ತು. ಅವಳು ಹೊಲದ ಕಡೆ ಒಮ್ಮೆ ನೋಡಿ, ಹೇಳಲೋ ಬೇಡವೋ ಎಂಬಂತೆ ಹೇಳಿದಳು: "ನೀವು ಹೋದ್ರ ನಮ್ಮನ್ನ ಬಿಡ್ತಾರ್ರೀ ಅಮ್ಮಾ. ಇನ್ನ ಹೊತ್ತದ. ಎರಡು ಸಾಲರೆ ಕಸ ತಗದೇನು."

ಉರ್ದುವಿಗೆ ತಿರುಗಿಸಲು ನನಗೆ ಮನಸ್ಸು ಬರಲಿಲ್ಲ. ಆದರೂ ತಿರುಗಿಸಿದೆ. ಬೇಗಂ ಸಾಹೇಬಾ ಮುಖಪರದೆ ಇಳಿಬಿಟ್ಟುಕೊಂಡು ಮೋಟಾರಿನ ಕಡೆ ನಡೆದರು.

ಶಾಮಿಯಾನದಲ್ಲಿ ಹೋಳಿಗೆ, ತುಪ್ಪ, ಬದನೆಕಾಯಿ ಪಲ್ಯ ಬಡಿಸಿಟ್ಟಿದ್ದರು. ಕಾಕಿ ನನ್ನ ಕೈ ಹಿಡಿದು, "ಉಣ್ಣದ ಹೋದ್ರ ನಿಮ್ಮ ಕಾಕಾನ ಮಾರಿ ಉಳೀತದೇನ?" ಎಂದರು. ಉಣ್ಣಲು ಕೂತರೆ ಇನ್ನೂ ಎಷ್ಟು ಹೊತ್ತೋ. ಕೈ ಬಿಡಿಸಿಕೊಂಡೆ. ಆಲದ ಮರದ ಹಿಂದೆ ಕಾಕಾ ಬೆನ್ನು ತಿರುಗಿಸಿಯೇ ನಿಂತಿದ್ದರು, ಈ ಸಲ ಪರದೆಯ ಮರ್ಯಾದೆಗೆ ಅಲ್ಲ. ದಾಟಿ ಹೋಗುವಾಗ, "ಹೆಣ್ಣಾಳನ್ನ ಬಿಟ್ಟುಬಿಡ್ರಿ ಕಾಕಾ" ಎಂದೆ. ಮೋಟಾರು ಹೊರಟಾಗ ಪರದೆಯ ಸಂದಿಯಿಂದ ನೋಡಿದೆ. ಹೆಂಗಸರು ಆಗಲೇ ದಿಬ್ಬ ಇಳಿದು ತಮ್ಮ ತಮ್ಮ ಹೊಲಗಳ ಕಡೆ ಓಡುತ್ತಿದ್ದರು.

ಮೋಟಾರು ಮಹಾಗಾಂವ್ ದಾಟಿತು. ಆಮೇಲೆ ಬೇಗಂ ಸಾಹೇಬಾ ಬಡೀ ಉಸ್ತಾನಿಯವರಿಗೆ ಹೇಳಿದರು: ಪಾಠ ಒಳ್ಳೆಯದೇ, ಆದರೆ ಮಂಜೂರು ಮಾಡಲಾರೆ. ನಾವು ಹೋಗುವ ಕಡೆ ಮೊದಲು ಸುದ್ದಿ ಹೋಗುತ್ತದೆ, ಸುದ್ದಿ ಹೋದಲ್ಲಿ ಹೀಗೇ ಆಗುತ್ತದೆ. ಬಡೀ ಉಸ್ತಾನಿಯವರು "ಜೀ" ಎಂದರು. ನನ್ನ ಮೇಲೆ ಒಂದು ಸಿಟ್ಟಿನ ಮಾತು ಆಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಮನೆಮನೆಗೆ ಹೋಗಿ ತಂದ ಒಪ್ಪಿಗೆಯನ್ನು ನನ್ನ ಒಂದು ಮಾತಿಗೆ ಬಿಟ್ಟುಕೊಟ್ಟು, ಪರದೆಯ ಕಡೆ ಮುಖ ಮಾಡಿ ಕೂತರು. ಹುಡುಗಿಯರ ಮೂಗಿನ ತುದಿಯಲ್ಲಿ ಇನ್ನೂ ಹೂವಿನ ಹಳದಿ ಪುಡಿ ಇತ್ತು.

ಪ್ರಶ್ನೆ ಕೇಳುವ ಆ ಹುಡುಗಿ ನನ್ನ ಪಕ್ಕಕ್ಕೆ ಜರುಗಿದಳು. "ಅಕ್ಕೋರ, ಬರೋ ವರ್ಷ ಮತ್ತ ಬರೋಣಿಲ್ರೀ?"

"ಇಲ್ಲವಾ. ನಾವು ಬರ್ತೀವಿ ಅಂದ್ರ ಅವರಿಗೆ ತ್ರಾಸ ಆಗ್ತದ."

ಅವಳು ಇದೇನು ಮಹಾ ಎಂಬಂತೆ ಹೇಳಿದಳು: "ಹಂಗಾದ್ರ ಯಾರಿಗೂ ಹೇಳದೇ ಬರೋಣ್ರೀ ಅಕ್ಕೋರ."

ಒಳಗೆ ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದೆ. ಅಷ್ಟು ದೊಡ್ಡ ಹುದ್ದೆಯ ಬೇಗಂ ಸಾಹೇಬಾ, ಊರೆಲ್ಲ ಗೌರವಿಸುವ ಬಡೀ ಉಸ್ತಾನಿ, ನಾನು, ಈ ಮಕ್ಕಳು. ಯಾರಿಗೂ ಹೇಳದೆ, ಯಾರನ್ನೂ ಕೇಳದೆ ಮನೆಯ ಹೊಸ್ತಿಲು ದಾಟಬಲ್ಲವಳು ಆ ಮೋಟಾರಿನೊಳಗೆ ಒಬ್ಬಳೂ ಇರಲಿಲ್ಲ.